ಅರಿವಳಿಕೆ ಅನಿಲಗಳು ಮತ್ತು ಪ್ರಾಣಿ ನರಮಂಡಲದ ನೋವಿನ ಪ್ರತಿಕ್ರಿಯೆ

ಉಸಿರಿನೊಂದಿಗೆ ದೇಹ ಸೇರಿ, ರಕ್ತದಲ್ಲಿ ಕರಗಿ, ಮಿದುಳು ಮತ್ತು ಬೆನ್ನುಹುರಿಯ ಕೆಲಸವನ್ನು ಕೆಲಕಾಲ ತಗ್ಗಿಸುವ ಅನಿಲ ಹಾಗೂ ಆವಿಗಳನ್ನು ಅರಿವಳಿಕೆ ಅನಿಲಗಳೆಂದು ಕರೆಯುತ್ತಾರೆ. ಈಥರ್, ಕ್ಲೋರೋಫಾರ್ಮ್, ಹ್ಯಾಲೋಥೇನ್, ಐಸೋಫ್ಲುರೇನ್, ಸೆವೋಫ್ಲುರೇನ್, ಡೆಸ್‌ಫ್ಲುರೇನ್ ಇವೆಲ್ಲ ದ್ರವಗಳು. ಆವಿಯಾಗಿಸಿ ಆಮ್ಲಜನಕದ ಜೊತೆ ಕೊಡಲಾಗುತ್ತದೆ. ನೈಟ್ರಸ್ ಆಕ್ಸೈಡ್ ಮತ್ತು ಜೆನಾನ್ ಕೋಣೆಯ ಉಷ್ಣತೆಯಲ್ಲೇ ಅನಿಲಗಳು. ಅರಿವಳಿಕೆ ಅನಿಲಗಳು ನೋವನ್ನೇ ಇಲ್ಲವಾಗಿಸುತ್ತವೆ ಎಂಬ ನಂಬಿಕೆ ವೈದ್ಯರಲ್ಲೂ ಬಹುಕಾಲ ಇತ್ತು. ಇಲಿ, ನಾಯಿ, ಮೇಕೆಗಳ ಮೇಲೆ ನಡೆದ ಅಧ್ಯಯನಗಳು ಬೇರೆಯದೇ ಚಿತ್ರ ಕೊಡುತ್ತವೆ. ಗಾಯದ ಸಂಕೇತ ಹುಟ್ಟುವ ಕಡೆ ಈ ಅನಿಲಗಳು ಅದನ್ನು ತಡೆಯುವುದಿಲ್ಲ. ಸಂಕೇತ ಬೆನ್ನುಹುರಿಯನ್ನು ಮುಟ್ಟುತ್ತದೆ, ಅಲ್ಲಿ ತನ್ನ ಗುರುತನ್ನೂ ಉಳಿಸುತ್ತದೆ. ಅನಿಲ ಕಡಿಯುವುದು ಆ ಸಂಕೇತಕ್ಕೆ ದೇಹ ಕೊಡುವ ಉತ್ತರಗಳನ್ನು: ಎಚ್ಚರ, ನೆನಪು, ಕೈಕಾಲಿನ ಚಲನೆ, ಹೃದಯದ ಓಟ. ಅದೂ ಒಂದೊಂದನ್ನು ಒಂದೊಂದು ಪ್ರಮಾಣದಲ್ಲಿ, ನರಮಂಡಲದ ಒಂದೊಂದು ಜಾಗದಲ್ಲಿ.

ನೋವಿನ ದಾರಿ

ಚರ್ಮ, ಸ್ನಾಯು, ಕೀಲು, ಕರುಳುಗಳಲ್ಲಿ ಹರಡಿಕೊಂಡಿರುವ ಸೂಕ್ಷ್ಮ ನರತುದಿಗಳು ಅತಿಯಾದ ಶಾಖವನ್ನು, ಒತ್ತಡವನ್ನು, ಆಮ್ಲವನ್ನು, ಗಾಯಗೊಂಡ ಜೀವಕೋಶಗಳಿಂದ ಸೋರುವ ರಾಸಾಯನಿಕಗಳನ್ನು ಪತ್ತೆಹಚ್ಚುತ್ತವೆ. ಸಂಕೇತ ಎರಡು ಬಗೆಯ ತಂತುಗಳಲ್ಲಿ ಸಾಗುತ್ತದೆ. ತೆಳ್ಳಗಿನ ಮಯಲಿನ್ ಕವಚವುಳ್ಳ ಎ-ಡೆಲ್ಟಾ ತಂತುಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್; ಕವಚವಿಲ್ಲದ ಸಿ ತಂತುಗಳಲ್ಲಿ 2 ಮೀಟರ್ ಅಥವಾ ಅದಕ್ಕಿಂತ ಕಡಿಮೆ. ಮುಳ್ಳು ಚುಚ್ಚಿದಾಗ ಮೊದಲು ಚುರ್ ಎಂದು, ಆಮೇಲೆ ನಿಧಾನವಾಗಿ ಉರಿಯುವುದು ಈ ವ್ಯತ್ಯಾಸದಿಂದ.

ಎರಡೂ ತಂತುಗಳು ಬೆನ್ನುಹುರಿಯ ಹಿಂಬದಿಯ ಕೊಂಬಿನ ನರಕೋಶಗಳಿಗೆ ಸಂಕೇತ ದಾಟಿಸುತ್ತವೆ. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕವಲು ಥಲಾಮಸ್ ಮೂಲಕ ಮಿದುಳಿನ ತೊಗಟೆಯನ್ನು ಸೇರಿ ‘ನೋಯುತ್ತಿದೆ’ ಎಂಬ ಅನುಭವವಾಗುತ್ತದೆ. ಇನ್ನೊಂದು ಮಿದುಳಿನ ಕಾಂಡವನ್ನು ತಲುಪಿ ಹೃದಯದ ಬಡಿತ, ರಕ್ತದೊತ್ತಡ, ಅಡ್ರಿನಾಲಿನ್ ಸ್ರಾವವನ್ನು ಏರಿಸುತ್ತದೆ. ಮೂರನೆಯದು ಮೇಲೆ ಹೋಗುವುದೇ ಇಲ್ಲ. ಅದೇ ಮಟ್ಟದಲ್ಲಿ ಮುಂಬದಿಯ ಕೊಂಬಿನ ಚಾಲಕ ನರಕೋಶಗಳನ್ನು ಎಚ್ಚರಿಸಿ, ಮಿದುಳಿನ ಅಪ್ಪಣೆಗೆ ಕಾಯದೆ ಕಾಲನ್ನು ಹಿಂದಕ್ಕೆಳೆಯುತ್ತದೆ. ಬ್ರಿಟನ್ನಿನ ಚಾರ್ಲ್ಸ್ ಶೆರಿಂಗ್ಟನ್ 20ನೇ ಶತಮಾನದ ಆರಂಭದಲ್ಲಿ, ಹಾನಿಯನ್ನು ನರಮಂಡಲ ಗುರುತಿಸುವುದು ಬೇರೆ, ನೋವಿನ ಅನುಭವ ಬೇರೆ ಎಂದು ಗೆರೆ ಎಳೆದರು. ಅರಿವಳಿಕೆಯ ಚರ್ಚೆಗೆ ಆ ಗೆರೆಯೇ ಬುನಾದಿ. ಪೂರ್ಣ ಅರಿವಳಿಕೆಯಲ್ಲಿರುವ ಪ್ರಾಣಿಗೆ ನೋವಿನ ಅನುಭವ ಇಲ್ಲ; ಹಾನಿಯ ಗ್ರಹಿಕೆ ಮಾತ್ರ ಬಹುಮಟ್ಟಿಗೆ ಇದ್ದೇ ಇದೆ.

ಆರಂಭದ ಪ್ರಯೋಗಗಳು

ನೈಟ್ರಸ್ ಆಕ್ಸೈಡನ್ನು 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ತಯಾರಿಸಿದರು. ಹಂಫ್ರಿ ಡೇವಿ ಅದನ್ನು ಸ್ವತಃ ಸೇವಿಸಿ, ಒಸಡಿನ ಊತದ ನೋವು ತಗ್ಗಿದ್ದನ್ನು ಕಂಡು, ಶಸ್ತ್ರಚಿಕಿತ್ಸೆಗೆ ಬಳಸಬಹುದೆಂದು 1800ರಲ್ಲೇ ಬರೆದರು. ಯಾರೂ ಕಿವಿಗೊಡಲಿಲ್ಲ. 1824ರಲ್ಲಿ ಹೆನ್ರಿ ಹಿಲ್ ಹಿಕ್ಮನ್ ಎಂಬ ಇಂಗ್ಲಿಷ್ ವೈದ್ಯ ನಾಯಿಮರಿ, ಇಲಿಗಳನ್ನು ಇಂಗಾಲದ ಡೈಆಕ್ಸೈಡಿನಲ್ಲಿ ಮೂರ್ಛೆಗೊಳಿಸಿ ಅಂಗಚ್ಛೇದನ ಮಾಡಿದರು. ಅವು ಮಿಸುಕಲಿಲ್ಲ, ಎಚ್ಚರಗೊಂಡು ಚೇತರಿಸಿಕೊಂಡವು. ಶಸ್ತ್ರಕ್ರಿಯೆಯ ನೋವು ನೀಗಿಸಲೆಂದೇ ಪ್ರಾಣಿಗಳ ಮೇಲೆ ಅನಿಲ ಪ್ರಯೋಗಿಸಿದವರಲ್ಲಿ ಹಿಕ್ಮನ್ ಮೊದಲಿಗರ ಸಾಲಿಗೆ ಸೇರುತ್ತಾರೆ. ಉಸಿರುಗಟ್ಟುವಿಕೆಯನ್ನೂ ಅರಿವಳಿಕೆಯನ್ನೂ ಬೇರ್ಪಡಿಸಲು ಅವರಿಗೆ ಆಗಲಿಲ್ಲ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರನ್ನು ಬಹಿರಂಗವಾಗಿ ಪ್ರದರ್ಶಿಸಿದರು. ಮರುವರ್ಷ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ತಂದರು.

ಕ್ಲೋರೋಫಾರ್ಮಿನಿಂದ ಕೆಲವರು ಮೇಜಿನ ಮೇಲೆಯೇ ಸಾಯತೊಡಗಿದಾಗ ಅದರ ಕಾರಣ ಹುಡುಕುವ ದೊಡ್ಡ ಪ್ರಯತ್ನ ನಡೆದದ್ದು ನಮ್ಮ ಪಕ್ಕದ ಹೈದರಾಬಾದಿನಲ್ಲಿ. ಬೀದರ್, ಕಲಬುರಗಿ, ರಾಯಚೂರುಗಳೂ ಆಗ ಸೇರಿದ್ದ ನಿಜಾಮರ ಸಂಸ್ಥಾನದ ಹಣದಿಂದ, ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯರ ಮುಂದಾಳತ್ವದಲ್ಲಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ನೂರಾರು ಪ್ರಾಣಿಗಳನ್ನು ಪರೀಕ್ಷಿಸಿದವು. ಮದ್ದು ಕೊಲ್ಲುವುದು ಉಸಿರಾಟವನ್ನು ನಿಲ್ಲಿಸಿ, ಹೃದಯವನ್ನಲ್ಲ ಎಂಬುದು ಅವುಗಳ ತೀರ್ಪು. ಅದು ಪೂರ್ಣ ಸತ್ಯವಾಗಿರಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದಂತೆ, ಕ್ಲೋರೋಫಾರ್ಮಿನ ಮೂರ್ಛೆ ಹಗುರವಾಗಿರುವಾಗಲೇ ಅಪಾಯ ಹೆಚ್ಚು: ಆಗ ರಕ್ತಕ್ಕೆ ಅಡ್ರಿನಾಲಿನ್ ನುಗ್ಗಿದರೆ ಹೃದಯದ ಲಯ ಕೆಟ್ಟು ಪ್ರಾಣಿ ಕ್ಷಣದಲ್ಲಿ ಸಾಯಬಹುದು. ಅಡ್ರಿನಾಲಿನ್ ನುಗ್ಗಲು ಒಂದು ಮುಖ್ಯ ಕಾರಣ ನೋವಿನ ಸಂಕೇತ. ಎಚ್ಚರ ತಪ್ಪಿದ ದೇಹವೂ ಗಾಯಕ್ಕೆ ಉತ್ತರ ಕೊಡುತ್ತಲೇ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷ್ಯ ಬೇಕಿಲ್ಲ.

ಇದಕ್ಕೆ ಮೊದಲೇ, 1870ರ ದಶಕದಲ್ಲಿ, ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಮುಟ್ಟಿದರೆ ಮುನಿ ಗಿಡವನ್ನು ಈಥರ್ ಆವಿಯಲ್ಲಿಟ್ಟು, ಮುಟ್ಟಿದರೂ ಅದು ಎಲೆ ಮಡಿಸದಿರುವುದನ್ನು ತೋರಿಸಿದ್ದರು. ನರವೇ ಇಲ್ಲದ ಜೀವಿಯ ಪ್ರತಿಕ್ರಿಯೆಯೂ ನಿಲ್ಲುತ್ತದೆಂದರೆ ಈ ಅನಿಲಗಳು ಮುಟ್ಟುವುದು ಜೀವಕೋಶದ ಯಾವುದೋ ಮೂಲಭೂತ ವ್ಯವಸ್ಥೆಯನ್ನೇ ಎಂಬುದು ಅವರ ವಾದವಾಗಿತ್ತು.

ಅಳತೆ: ಮ್ಯಾಕ್

ಅನಿಲಗಳ ಬಲವನ್ನು ಹೋಲಿಸಲು ಇಂದು ಎಲ್ಲೆಡೆ ಬಳಕೆಯಲ್ಲಿರುವ ಅಳತೆಯ ಹೆಸರು ಮ್ಯಾಕ್, ಅಂದರೆ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಇರಬೇಕಾದ ಕನಿಷ್ಠ ಸಾಂದ್ರತೆ. ಅಮೆರಿಕದ ಎಡ್ಮಂಡ್ ಈಗರ್ ಮತ್ತು ಗೈಲ್ಸ್ ಮರ್ಕೆಲ್ ಇದನ್ನು 1963ರ ಹೊತ್ತಿಗೆ ನಾಯಿಗಳಲ್ಲಿ ರೂಪಿಸಿದರು. ವಿಧಾನ ಸರಳ. ನಾಯಿಯ ನಿಶ್ವಾಸದಲ್ಲಿ ಅನಿಲದ ಪ್ರಮಾಣ ಒಂದೇ ಮಟ್ಟದಲ್ಲಿ ಕಾಲು ಗಂಟೆಯಾದರೂ ನಿಲ್ಲುವಂತೆ ನೋಡಿಕೊಂಡು, ಬಾಲದ ಬುಡಕ್ಕೆ ಶಸ್ತ್ರಚಿಕಿತ್ಸೆಯ ಚಿಮಟವನ್ನು ಪೂರ್ತಿ ಬಿಗಿದು, ಒಂದು ನಿಮಿಷದವರೆಗೆ ಕಾಯುತ್ತಾರೆ. ನಾಯಿ ತಲೆ ತಿರುಗಿಸಿದರೆ ಅಥವಾ ಕಾಲು ಬಡಿದರೆ ‘ಚಲಿಸಿತು’ ಎಂದು ಬರೆದು ಅನಿಲವನ್ನು ಸ್ವಲ್ಪ ಏರಿಸುತ್ತಾರೆ. ಸುಮ್ಮನಿದ್ದರೆ ಸ್ವಲ್ಪ ಇಳಿಸಿ ಮತ್ತೆ ಪರೀಕ್ಷಿಸುತ್ತಾರೆ. ಉಸಿರು ಜೋರಾಗುವುದು, ನುಂಗುವುದು, ಕಣ್ಣು ಮಿಟುಕಿಸುವುದು ಲೆಕ್ಕಕ್ಕಿಲ್ಲ. ಪ್ರಾಣಿಗಳಲ್ಲಿ ಅರ್ಧದಷ್ಟು ಚಲಿಸುವ, ಅರ್ಧದಷ್ಟು ಚಲಿಸದ ಸಾಂದ್ರತೆಯೇ ಒಂದು ಮ್ಯಾಕ್.

ಐಸೋಫ್ಲುರೇನಿನ ಮ್ಯಾಕ್ ನಾಯಿಯಲ್ಲಿ ಸುಮಾರು ಶೇ. 1.3, ಬೆಕ್ಕಿನಲ್ಲಿ ಸುಮಾರು 1.6, ನಡುವಯಸ್ಸಿನ ಮನುಷ್ಯರಲ್ಲಿ 1.2ರ ಆಸುಪಾಸು. ಇಷ್ಟು ಭಿನ್ನ ಪ್ರಾಣಿಗಳಲ್ಲಿ ಅಂಕಿಗಳು ಇಷ್ಟು ಹತ್ತಿರ ಇರುವುದು ಅಚ್ಚರಿಯ ವಿಷಯ. ನೈಟ್ರಸ್ ಆಕ್ಸೈಡ್ ಇದಕ್ಕೆ ಅಪವಾದ. ಮನುಷ್ಯರಲ್ಲಿ ಅದರ ಮ್ಯಾಕ್ ಶೇ. 104, ಎಂದರೆ ಸಾಮಾನ್ಯ ವಾಯುಒತ್ತಡದಲ್ಲಿ ಒಂಟಿಯಾಗಿ ಸಾಲದು; ನಾಯಿಗಳಲ್ಲಿ ಅದು ಇದರ ಸುಮಾರು ಎರಡು ಪಟ್ಟು. ವಯಸ್ಸಾದಂತೆ, ಮೈ ತಣ್ಣಗಾದಂತೆ, ಗರ್ಭ ನಿಂತಾಗ ಮ್ಯಾಕ್ ಇಳಿಯುತ್ತದೆ.

ಮ್ಯಾಕ್ ಅಳೆಯುವುದು ಚಲನೆಯನ್ನು ಮಾತ್ರ ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮನುಷ್ಯರಲ್ಲಿ ಎಚ್ಚರ ತಪ್ಪಲು ಐಸೋಫ್ಲುರೇನಿನಂಥ ಆವಿಗಳ ಮ್ಯಾಕ್‌ನ ಮೂರನೇ ಒಂದು ಭಾಗದಷ್ಟು ಸಾಕು. ಗಾಯಕ್ಕೆ ಹೃದಯ ಮತ್ತು ರಕ್ತದೊತ್ತಡ ಏರುವುದನ್ನು ತಡೆಯಲು ಮ್ಯಾಕ್‌ಗಿಂತ ಸಾಕಷ್ಟು ಹೆಚ್ಚು ಬೇಕು. ಅಲ್ಲಾಡದೆ ಮಲಗಿರುವ ಪ್ರಾಣಿಯ ನರಮಂಡಲ ಶಾಂತವಾಗಿದೆ ಎಂದು ಈ ಅಂಕಿಯಿಂದ ತೀರ್ಮಾನಿಸಲಾಗದು.

ಮಿದುಳೋ ಬೆನ್ನುಹುರಿಯೋ

ಚಲನೆ ನಿಲ್ಲುವುದು ಮಿದುಳು ನಿದ್ರಿಸುವುದರಿಂದ ಎಂದು ಸುಮಾರು 150 ವರ್ಷ ಎಲ್ಲರೂ ಊಹಿಸಿದ್ದರು. 1993ರಲ್ಲಿ ಕ್ಯಾಲಿಫೋರ್ನಿಯದ ಜೋಸೆಫ್ ಆಂಟೊನೀನಿ ಮತ್ತು ಕೆವಿನ್ ಶ್ವಾರ್ಟ್ಜ್ ಮೇಕೆಗಳಲ್ಲಿ ನಡೆಸಿದ ಪ್ರಯೋಗ ಈ ಊಹೆಯನ್ನು ಅಲುಗಿಸಿತು. ಮೇಕೆಯನ್ನು ಆರಿಸಿದ್ದಕ್ಕೆ ಒಳ್ಳೆಯ ಕಾರಣವಿತ್ತು. ಅದರ ಮಿದುಳಿಗೆ ರಕ್ತ ಬರುವುದು ಹೆಚ್ಚುಕಡಿಮೆ ಪೂರ್ತಿಯಾಗಿ ಕತ್ತಿನ ಕೆರೋಟಿಡ್ ಧಮನಿಗಳಿಂದ. ಹಾಗಾಗಿ ಮಿದುಳಿನ ರಕ್ತಪರಿಚಲನೆಯನ್ನು ಉಳಿದ ದೇಹದಿಂದ ಬೇರ್ಪಡಿಸಬಹುದು. ಕತ್ತಿನ ಅಭಿಧಮನಿಯ ರಕ್ತವನ್ನು ಯಂತ್ರವೊಂದರಲ್ಲಿ ಹಾಯಿಸಿ, ಆಮ್ಲಜನಕವನ್ನೂ ಐಸೋಫ್ಲುರೇನನ್ನೂ ಬೆರೆಸಿ, ಮಿದುಳಿಗಷ್ಟೇ ಹಿಂದಿರುಗಿಸಿದರು. ಬೆನ್ನುಹುರಿಗೂ ಮೈಗೂ ಹೋದ ರಕ್ತದಲ್ಲಿ ಅನಿಲ ಇರಲಿಲ್ಲವೆನ್ನುವಷ್ಟು ಕಡಿಮೆ.

ಇಡೀ ದೇಹಕ್ಕೆ ಐಸೋಫ್ಲುರೇನ್ ಹೋಗುತ್ತಿದ್ದಾಗ ಆ ಮೇಕೆಗಳ ಚಲನೆ ನಿಲ್ಲಿಸಲು ಶೇ. 1.2 ಸಾಕಾಗಿತ್ತು. ಮಿದುಳಿಗೆ ಮಾತ್ರ ಕೊಟ್ಟಾಗ ಬೇಕಾದದ್ದು ಶೇ. 2.9. ಎಚ್ಚರವನ್ನು ಪೂರ್ತಿ ಅಳಿಸುವ ಮಟ್ಟಕ್ಕಿಂತ ಎಷ್ಟೋ ಮೇಲಿನ ಸಾಂದ್ರತೆ ಮಿದುಳಿನಲ್ಲಿದ್ದರೂ, ಬೆನ್ನುಹುರಿ ಎಚ್ಚರವಾಗಿದ್ದ ಕಾರಣ ಮೇಕೆ ಕಾಲು ಬಡಿಯುತ್ತಿತ್ತು. ಅದೇ ಹೊತ್ತಿಗೆ ಐರಾ ರಾಂಪಿಲ್ ಇಲಿಗಳಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಬದಿಯಿಂದ ಬಂದರು. 1993ರಲ್ಲಿ ಇಲಿಗಳ ಮುಂಮಿದುಳನ್ನು ತೆಗೆದರೂ, 1994ರಲ್ಲಿ ಬೆನ್ನುಹುರಿಯನ್ನು ಮಿದುಳಿನಿಂದ ಕಡಿದು ಬೇರ್ಪಡಿಸಿದರೂ ಮ್ಯಾಕ್ ಬದಲಾಗಲಿಲ್ಲ. ಗಾಯಕ್ಕೆ ಮೈ ಅಲುಗದಂತೆ ಅನಿಲ ಮಾಡುವುದು ಮುಖ್ಯವಾಗಿ ಬೆನ್ನುಹುರಿಯಲ್ಲಿ ಎಂಬುದು ಈ ಪ್ರಯೋಗಗಳ ಒಟ್ಟು ತಾತ್ಪರ್ಯ. ಈ ಕ್ಷೇತ್ರದ ಕಳೆದ ಐವತ್ತು ವರ್ಷಗಳಲ್ಲಿ ಇಷ್ಟು ಸ್ಪಷ್ಟವಾದ ಉತ್ತರ ಕೊಟ್ಟ ಪ್ರಯೋಗಗಳು ಕೆಲವೇ.

ಹಾಗಾದರೆ ಬೆನ್ನುಹುರಿಯಲ್ಲಿ ಎಲ್ಲಿ? ಹಿಂಬದಿಯ ಕೊಂಬಿನ ಒಂದೊಂದೇ ನರಕೋಶದ ಬಳಿ ಸೂಕ್ಷ್ಮ ವಿದ್ಯುದಗ್ರವಿಟ್ಟು ಅಳೆದಾಗ, ಮ್ಯಾಕ್‌ನ ಆಸುಪಾಸಿನಲ್ಲಿ ಅವುಗಳ ಚಟುವಟಿಕೆ ತಗ್ಗುತ್ತದೆ, ಆದರೆ ನಿಲ್ಲುವುದಿಲ್ಲ. ಚಲನೆ ಇದ್ದಕ್ಕಿದ್ದಂತೆ ಮಾಯವಾಗುವುದನ್ನು ವಿವರಿಸಲು ಅಷ್ಟು ಇಳಿಕೆ ಸಾಲದು. ಮುಂಬದಿಯಲ್ಲಿರುವ, ಕೈಕಾಲುಗಳ ಚಲನೆಯನ್ನು ಹೊಂದಿಸುವ ನರಜಾಲಗಳು ಮಾತ್ರ ಅದೇ ಸಾಂದ್ರತೆಯಲ್ಲಿ ಬಲವಾಗಿ ಕುಗ್ಗುತ್ತವೆ. ಸಂಕೇತ ಒಳಬರುವ ಬಾಗಿಲು ಅರೆ ತೆರೆದಿದೆ. ಆಜ್ಞೆ ಹೊರಡುವ ಬಾಗಿಲು ಮುಚ್ಚಿದೆ.

ಅಣುಗಳ ಮಟ್ಟದಲ್ಲಿ

1899ರಲ್ಲಿ ಹಾನ್ಸ್ ಮೇಯರ್, 1901ರಲ್ಲಿ ಚಾರ್ಲ್ಸ್ ಓವರ್ಟನ್ ಬೇರೆಬೇರೆಯಾಗಿ ಒಂದು ಸಂಬಂಧ ಕಂಡುಕೊಂಡರು: ಯಾವ ವಸ್ತು ಆಲಿವ್ ಎಣ್ಣೆಯಲ್ಲಿ ಹೆಚ್ಚು ಕರಗುತ್ತದೋ ಅದು ಗೊದಮೊಟ್ಟೆಗಳನ್ನು ಅಷ್ಟೇ ಕಡಿಮೆ ಪ್ರಮಾಣದಲ್ಲಿ ನಿಶ್ಚೇಷ್ಟಗೊಳಿಸುತ್ತದೆ. ನರಕೋಶದ ಕೊಬ್ಬಿನ ಪೊರೆ ಉಬ್ಬಿ ಅರಿವಳಿಕೆ ಉಂಟಾಗುತ್ತದೆಂಬ ಕಲ್ಪನೆ ಇದರಿಂದ ಬೆಳೆಯಿತು. 1950ರಲ್ಲಿ ಮದ್ಯಸಾರದಿಂದ ಮಂಕಾದ ಗೊದಮೊಟ್ಟೆಗಳು ಅತಿ ಒತ್ತಡದ ನೀರಿನಲ್ಲಿ ಮತ್ತೆ ಈಜಿದ್ದು ಆ ಕಲ್ಪನೆಗೆ ಬಲ ಕೊಟ್ಟಿತು. ಅದಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1984ರಲ್ಲಿ. ಲಂಡನ್ನಿನ ನಿಕೊಲಸ್ ಫ್ರ್ಯಾಂಕ್ಸ್ ಮತ್ತು ವಿಲಿಯಂ ಲೀಬ್, ಕೊಬ್ಬಿನ ಸೋಂಕೇ ಇಲ್ಲದ ಮಿಂಚುಹುಳದ ಬೆಳಕಿನ ಕಿಣ್ವವನ್ನು ಅರಿವಳಿಕೆ ವಸ್ತುಗಳು ಪ್ರಾಣಿಗಳನ್ನು ಮಲಗಿಸುವ ಪ್ರಮಾಣದಲ್ಲಿಯೇ ತಡೆಯುತ್ತವೆಂದು ತೋರಿಸಿದರು. ಗುರಿ ಪ್ರೋಟೀನು ಎಂಬ ನೆಲೆ ಅಲ್ಲಿಂದ ಗಟ್ಟಿಯಾಯಿತು.

ಇಂದು ಗೊತ್ತಿರುವ ಮುಖ್ಯ ಗುರಿಗಳು ಹಲವು. ಗಾಬಾ-ಎ ಮತ್ತು ಗ್ಲೈಸಿನ್ ಗ್ರಾಹಕಗಳು ನರಕೋಶಕ್ಕೆ ಕ್ಲೋರೈಡ್ ಹರಿಸಿ ಅದನ್ನು ತಣಿಸುತ್ತವೆ. ಅನಿಲ ಇವುಗಳ ಕೆಲಸವನ್ನು ಹೆಚ್ಚಿಸುತ್ತದೆ. ಗ್ಲೈಸಿನ್ ಗ್ರಾಹಕಗಳು ಬೆನ್ನುಹುರಿಯಲ್ಲಿ ದಟ್ಟವಾಗಿರುವುದು ಇಲ್ಲಿ ಗಮನಾರ್ಹ. ಟ್ರೆಕ್-1 ಎಂಬ ಪೊಟ್ಯಾಸಿಯಂ ಚಾನೆಲನ್ನು ಅನಿಲ ತೆರೆದಾಗಲೂ ಕೋಶ ಮಂಕಾಗುತ್ತದೆ. ಈ ಚಾನೆಲಿಲ್ಲದಂತೆ ಬೆಳೆಸಿದ ಇಲಿಗಳನ್ನು ನಿಶ್ಚೇಷ್ಟಗೊಳಿಸಲು ಹೆಚ್ಚು ಹ್ಯಾಲೋಥೇನ್ ಬೇಕಾಗುತ್ತದೆಂದು 2004ರಲ್ಲಿ ತಿಳಿಯಿತು. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ನರತುದಿಗಳಿಂದ ಬಿಡುಗಡೆಯಾಗುವುದೂ ಕುಗ್ಗುತ್ತದೆ. ನೈಟ್ರಸ್ ಆಕ್ಸೈಡ್ ಮತ್ತು ಜೆನಾನ್‌ಗಳ ದಾರಿ ಬೇರೆ: ಅವು ಗಾಬಾವನ್ನು ಹೆಚ್ಚು ಮುಟ್ಟದೆ, ನೋವಿನ ಸಂಕೇತವನ್ನು ಹಿಗ್ಗಿಸುವ ಎನ್‌ಎಂಡಿಎ ಗ್ರಾಹಕಗಳನ್ನು ತಡೆಯುತ್ತವೆ. ಸಾಮಾನ್ಯವಾಗಿ ಯಾವ ವಸ್ತುವಿನೊಂದಿಗೂ ರಾಸಾಯನಿಕ ಬಂಧ ಬೆಸೆಯದ ಜೆನಾನ್ ಒಂದು ಪ್ರಾಣಿಯ ಎಚ್ಚರವನ್ನೇ ಅಳಿಸಬಲ್ಲದು ಎಂಬುದು ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

ನೋವು ತಗ್ಗಿಸುವ ಅನಿಲ, ಹೆಚ್ಚಿಸುವ ಅನಿಲ

ಎಚ್ಚರವಿರುವಾಗಲೇ ನೋವನ್ನು ತಗ್ಗಿಸುವ ಶಕ್ತಿ ನೈಟ್ರಸ್ ಆಕ್ಸೈಡಿಗೆ ವಿಶೇಷವಾಗಿದೆ. ಇಲಿಗಳಲ್ಲಿ ಅದರ ಜಾಡು ಹಿಡಿದಾಗ ಕಂಡದ್ದು ಹೀಗೆ: ಅನಿಲ ನಡುಮಿದುಳಿನಲ್ಲಿ ದೇಹದ್ದೇ ಓಪಿಯಾಯ್ಡ್‌ಗಳನ್ನು (ಮಾರ್ಫಿನ್‌ನಂಥ ನೋವುಶಾಮಕಗಳನ್ನು) ಹೊರಡಿಸುತ್ತದೆ, ಅವು ಮಿದುಳಿನ ಕಾಂಡದ ನಾರ್‌ಅಡ್ರಿನಾಲಿನ್ ನರಕೋಶಗಳನ್ನು ಎಚ್ಚರಿಸುತ್ತವೆ, ಅಲ್ಲಿಂದ ಕೆಳಗಿಳಿಯುವ ತಂತುಗಳು ಬೆನ್ನುಹುರಿಯ ಹಿಂಬದಿಯ ಕೊಂಬಿನಲ್ಲಿ ನೋವಿನ ಸಂಕೇತವನ್ನು ಅಡಗಿಸುತ್ತವೆ. ಓಪಿಯಾಯ್ಡ್ ತಡೆಯುವ ನಲಾಕ್ಸೋನ್ ಕೊಟ್ಟರೆ ಈ ಪರಿಣಾಮ ಕುಗ್ಗುತ್ತದೆ. ಮೂರು ವಾರ ತುಂಬದ ಇಲಿಮರಿಗಳಲ್ಲಿ ಈ ಇಳಿದಾರಿ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅನಿಲ ಅವುಗಳ ನೋವನ್ನು ಅಷ್ಟಾಗಿ ತಗ್ಗಿಸದು. ದೊಡ್ಡ ಪ್ರಾಣಿಯಲ್ಲಿ ಕಂಡ ಫಲ ಮರಿಯಲ್ಲೂ ಸಿಗುತ್ತದೆಂದು ನಂಬುವುದು ಅಪಾಯ.

ಇದಕ್ಕೆ ವಿರುದ್ಧವಾದ ಗುಣವೂ ಅನಿಲಗಳಿಗಿದೆ. ಮ್ಯಾಕ್‌ನ ಹತ್ತನೇ ಒಂದು ಭಾಗದಷ್ಟು ಈಥರ್, ಹ್ಯಾಲೋಥೇನ್, ಐಸೋಫ್ಲುರೇನ್ ಸೇವಿಸಿದ ಇಲಿಗಳು ಬಿಸಿ ತಗಲಿದ ಪಾದವನ್ನು ಮಾಮೂಲಿಗಿಂತ ಬೇಗ ಹಿಂದಕ್ಕೆಳೆದುಕೊಂಡವೆಂದು ಈಗರ್ ಮತ್ತು ಸಂಗಡಿಗರು 2000ರಲ್ಲಿ ವರದಿ ಮಾಡಿದರು. ಪ್ರಮಾಣ ಏರಿದಾಗ ಪರಿಣಾಮ ತಿರುಗುಮುರುಗಾಯಿತು. ಶಸ್ತ್ರಚಿಕಿತ್ಸೆ ಮುಗಿದು ಪ್ರಾಣಿ ಎಚ್ಚರಗೊಳ್ಳುವಾಗ ಅದರ ಮೈಯಲ್ಲಿ ಉಳಿದಿರುವುದು ಇಂಥದೇ ಸಣ್ಣ ಪ್ರಮಾಣ. ಇನ್ನೂ ಒಂದು ಸಂಗತಿ: ಸಾಸಿವೆಯ ಘಾಟನ್ನು ಗುರುತಿಸುವ ಟಿಆರ್‌ಪಿಎ-1 ಎಂಬ ನೋವಿನ ಚಾನೆಲನ್ನು ಐಸೋಫ್ಲುರೇನ್ ಮತ್ತು ಡೆಸ್‌ಫ್ಲುರೇನ್ ನೇರವಾಗಿ ತೆರೆಯುತ್ತವೆ ಎಂದು 2008ರಲ್ಲಿ ಗೊತ್ತಾಯಿತು. ಇವನ್ನು ಮೂಗಿಗೆ ಹಿಡಿದರೆ ಉಸಿರು ಕಟ್ಟಿ ಕೆಮ್ಮು ಬರುವುದೂ, ಸೆವೋಫ್ಲುರೇನ್ ಹಿತವಾಗಿರುವುದೂ ಇದರಿಂದ ಅರ್ಥವಾಗುತ್ತದೆ.

ಇಂಗಾಲದ ಡೈಆಕ್ಸೈಡ್ ಈ ಸಾಲಿನಲ್ಲಿ ಅತ್ಯಂತ ಕಳವಳಕಾರಿ. ಒದ್ದೆಯಾದ ಮೂಗಿನ ಪೊರೆಯ ಮೇಲೆ ಅದು ಕಾರ್ಬೋನಿಕ್ ಆಮ್ಲವಾಗಿ ನೋವಿನ ನರತುದಿಗಳನ್ನು ಕೆರಳಿಸುತ್ತದೆ. ಯುರೋಪಿನ ಕಸಾಯಿಖಾನೆಗಳಲ್ಲಿ ಹಂದಿಗಳ ಎಚ್ಚರ ತಪ್ಪಿಸಲು ಶೇ. 80ಕ್ಕೂ ಮೇಲ್ಪಟ್ಟ ಸಾಂದ್ರತೆಯಲ್ಲಿ ಇದನ್ನು ಬಳಸುತ್ತಾರೆ. ಎಚ್ಚರ ತಪ್ಪುವ ಮುಂಚೆ ಅವು ಬಾಯಿ ತೆರೆದು ಏದುಸಿರು ಬಿಡುತ್ತವೆ, ಹಿಂದಕ್ಕೆ ಸರಿಯಲು ಹೆಣಗುತ್ತವೆ. ಹಿಕ್ಮನ್ನರ ಕಾಲದಲ್ಲಿ ಬೇರೆ ಆಯ್ಕೆ ಬಳಕೆಗೆ ಬಂದಿರಲಿಲ್ಲ. ಈಗ ಇದೆ, ಆದ್ದರಿಂದ ಈ ಪದ್ಧತಿಯನ್ನು ಸಮರ್ಥಿಸುವುದು ಕಷ್ಟ.

ಮಿದುಳಿನಲ್ಲಿ ಅನಿಲ ಎಲ್ಲವನ್ನೂ ಮಂಕಾಗಿಸುತ್ತದೆ ಎಂಬ ಗ್ರಹಿಕೆಯೂ ಈಚೆಗೆ ಬದಲಾಗಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಫ್ಯಾನ್ ವಾಂಗ್ ಅವರ ತಂಡ, ಐಸೋಫ್ಲುರೇನ್ ಕೊಟ್ಟಾಗ ಇಲಿಗಳ ಮಿದುಳಿನ ಅಮಿಗ್ಡಲ ಎಂಬ ಭಾಗದಲ್ಲಿ ಒಂದು ಗುಂಪಿನ ನರಕೋಶಗಳು ತಣ್ಣಗಾಗುವ ಬದಲು ಚುರುಕಾಗುವುದನ್ನು 2020ರಲ್ಲಿ ಪ್ರಕಟಿಸಿತು. ಎಚ್ಚರವಿರುವ ಇಲಿಗಳಲ್ಲಿ ಅವನ್ನೇ ಬೆಳಕಿನಿಂದ ಪ್ರಚೋದಿಸಿದಾಗ ನೋವಿನ ವರ್ತನೆ ಬಹಳ ಕಡಿಮೆಯಾಯಿತು. ಅವನ್ನು ಅದುಮಿದಾಗ ಹೆಚ್ಚಿತು. ಎಚ್ಚರ ಕೆಡಿಸದೆ ನೋವನ್ನಷ್ಟೇ ಅಡಗಿಸುವ ಮದ್ದು ಹುಡುಕುವವರಿಗೆ ಇದು ಹೊಸ ಗುರಿ.

ಅರಿವು ತಪ್ಪಿದಾಗಿನ ಗಾಯ

ಅನಿಲದ ಅಡಿಯಲ್ಲಿ ಆದ ಗಾಯ ಬೆನ್ನುಹುರಿಯಲ್ಲಿ ಉಳಿಯುತ್ತದೆಯೇ ಎಂಬುದು ಪ್ರಾಯೋಗಿಕವಾಗಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಗಾಯದ ನಂತರ ಬೆನ್ನುಹುರಿಯ ನರಕೋಶಗಳು ಅತಿಸೂಕ್ಷ್ಮವಾಗಿ, ಮೆಲ್ಲನೆ ಮುಟ್ಟಿದರೂ ನೋವಾಗುವ ಸ್ಥಿತಿ ಉಂಟಾಗುತ್ತದೆಂದು ಕ್ಲಿಫರ್ಡ್ ವೂಲ್ಫ್ 1983ರಲ್ಲಿ ತೋರಿಸಿದ್ದರು. ಹತ್ತು ವರ್ಷಗಳ ನಂತರ ಸ್ಟೀಫನ್ ಏಬ್ರಮ್ ಮತ್ತು ಟೋನಿ ಯಾಕ್ಷ್ ಇದನ್ನು ಅರಿವಳಿಕೆಯ ಜೊತೆ ಸೇರಿಸಿ ನೋಡಿದರು. ಇಲಿಯ ಪಾದಕ್ಕೆ ಸ್ವಲ್ಪ ಫಾರ್ಮಲಿನ್ ಚುಚ್ಚಿದರೆ ಅದು ಮೊದಲು ಕೆಲವು ನಿಮಿಷ ಪಾದ ಕೊಡವುತ್ತದೆ, ಆಮೇಲೆ ಸುಮ್ಮನಾಗುತ್ತದೆ, ಮತ್ತೆ ಸುದೀರ್ಘವಾಗಿ ಕೊಡವತೊಡಗುತ್ತದೆ. ಎರಡನೇ ಹಂತಕ್ಕೆ ಬೆನ್ನುಹುರಿ ಅತಿಸೂಕ್ಷ್ಮವಾಗಿರುವುದೂ ಕಾರಣ. ಚುಚ್ಚುವಾಗ ಮತ್ತು ಮೊದಲ ಹಂತದಲ್ಲಿ ಇಲಿ ಐಸೋಫ್ಲುರೇನಿನ ಮೂರ್ಛೆಯಲ್ಲಿತ್ತು; ಎಚ್ಚರಗೊಂಡ ಮೇಲೆ ಎರಡನೇ ಹಂತ ಎಂದಿನಂತೆಯೇ ಕಾಣಿಸಿತು. ಮೊದಲೇ ಬೆನ್ನುಹುರಿಯ ಸುತ್ತ ಮಾರ್ಫಿನ್ ಕೊಟ್ಟ ಇಲಿಗಳಲ್ಲಿ ಅದು ಕುಗ್ಗಿತು. ಅನಿಲ ಇಲಿಯನ್ನು ಮಲಗಿಸಿತ್ತೇ ಹೊರತು ಅದರ ಬೆನ್ನುಹುರಿಯನ್ನು ಕಾಪಾಡಿರಲಿಲ್ಲ.

ಪಶುವೈದ್ಯರು ಇಂದು ಅನಿಲವೊಂದನ್ನೇ ನೆಚ್ಚದಿರುವುದು ಇದರಿಂದಾಗಿ. ಚಾಕು ಇಡುವ ಮೊದಲೇ ಓಪಿಯಾಯ್ಡ್, ಉರಿಯೂತ ತಗ್ಗಿಸುವ ಮದ್ದು, ಸಾಧ್ಯವಾದಲ್ಲಿ ಆ ಜಾಗದ ನರವನ್ನು ಮರಗಟ್ಟಿಸುವ ಲಿಗ್ನೋಕೇನ್ ಕೊಡುತ್ತಾರೆ. ನಾಯಿಗಳಲ್ಲಿ ಫೆಂಟನಿಲ್ ಎಂಬ ಓಪಿಯಾಯ್ಡ್ ಜೊತೆಗಿದ್ದರೆ ಬೇಕಾದ ಅನಿಲ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಹೃದಯದ ಮೇಲಿನ ಹೊರೆಯೂ ತಗ್ಗುತ್ತದೆ. ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 17ನೇ ಕಲಮು, ಶಸ್ತ್ರಕ್ರಿಯೆ ಒಳಗೊಂಡ ಪ್ರಯೋಗಗಳಲ್ಲಿ ಪ್ರಾಣಿಗೆ ನೋವಾಗದಷ್ಟು ಶಕ್ತವಾದ ಅರಿವಳಿಕೆಯನ್ನು ಸಾಧ್ಯವಾದ ಮಟ್ಟಿಗೆ ಬಳಸಬೇಕೆನ್ನುತ್ತದೆ. ಇಲ್ಲಿ ಹೇಳಿದ ಅಧ್ಯಯನಗಳ ಬೆಳಕಿನಲ್ಲಿ ಓದಿದರೆ, ಅಲ್ಲಾಡದಿರುವುದನ್ನಷ್ಟೇ ನೋಡಿ ಆ ಶರತ್ತು ಪೂರೈಸಿತೆನ್ನಲು ಆಗುವುದಿಲ್ಲ.

ಪ್ರಾಣಿಯ ಒಡಲ ರಚನೆ ಅನಿಲದ ಬಳಕೆಗೆ ಮಿತಿ ಹಾಕುತ್ತದೆ. ಆಮೆಗಳು ಬಹಳ ಹೊತ್ತು ಉಸಿರು ಹಿಡಿಯಬಲ್ಲವಾದ್ದರಿಂದ ಮುಸುಕು ಹಿಡಿದು ಅನಿಲ ಕೊಡುವುದು ಅವುಗಳಲ್ಲಿ ನಡೆಯದು. ಹಕ್ಕಿಗಳಲ್ಲಿ ಗಾಳಿಚೀಲಗಳ ಮೂಲಕ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುವುದರಿಂದ ಪರಿಣಾಮ ಬಹಳ ಬೇಗ ಏರಿಳಿಯುತ್ತದೆ. ಮೆಲುಕು ಹಾಕುವ ದನ, ಎಮ್ಮೆಗಳನ್ನು ಮೂರ್ಛೆಗೊಳಿಸಿ ಮಲಗಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ಮೇವು ಗಂಟಲಿಗೆ ಬಂದು ಶ್ವಾಸಕೋಶ ಸೇರುವ ಭಯವಿದೆ. ಕರ್ನಾಟಕದ ಹಳ್ಳಿಗಳಲ್ಲಿ ಪಶುವೈದ್ಯರು ಸಿಸೇರಿಯನ್ ಮಾಡುವಾಗ, ಹೊಟ್ಟೆ ಸೇರಿದ ತಂತಿ, ಪ್ಲಾಸ್ಟಿಕ್ ತೆಗೆಯುವಾಗ ಸಾಮಾನ್ಯವಾಗಿ ಹಸುವನ್ನು ನಿಲ್ಲಿಸಿಯೇ ಪಕ್ಕೆಗೆ ಲಿಗ್ನೋಕೇನ್ ಚುಚ್ಚುತ್ತಾರೆ. ಅದು ನರತಂತುಗಳ ಸೋಡಿಯಂ ಚಾನೆಲುಗಳನ್ನು ಮುಚ್ಚಿ, ಸಂಕೇತ ಬೆನ್ನುಹುರಿಯನ್ನು ತಲುಪದಂತೆ ದಾರಿಯಲ್ಲೇ ತಡೆಯುತ್ತದೆ. ಹಸು ಎಚ್ಚರವಾಗಿದೆ, ಆದರೆ ಕೊಯ್ತದ ಸುದ್ದಿ ಅದರ ಬೆನ್ನುಹುರಿಗೆ ಹೋಗುವುದಿಲ್ಲ. ಅನಿಲ ಮಾಡುವುದಕ್ಕೆ ಇದು ತೀರ ಎದುರು. ಲಿಗ್ನೋಕೇನಿನ ಪ್ರಭಾವ ಒಂದೆರಡು ಗಂಟೆಯಲ್ಲಿ ಇಳಿಯುವುದರಿಂದ ನಂತರದ ನೋವಿಗೆ ಮೆಲಾಕ್ಸಿಕ್ಯಾಮ್ ಎಂಬ ಉರಿಯೂತ ತಗ್ಗಿಸುವ ಮದ್ದು ಕೊಡುತ್ತಾರೆ.